ಲಿಸ್ಟ್ ಹಿಡಿದು ಎಸ್‌ಪಿ ರೋಡಿಗೆ: ನನ್ನ ಮೊದಲ ಗೇಮಿಂಗ್ ಪಿಸಿ

ಪಿಸಿ ಕಟ್ಟುವ ಕೆಲಸ ಒಂದು ಸಂಜೆಗೆ ಮುಗಿಯಿತು. ಏನೇನು ತಗೋಬೇಕು ಅಂತ ತೀರ್ಮಾನಿಸುವುದಕ್ಕೆ ಮಾತ್ರ ತಿಂಗಳುಗಳೇ ಹಿಡಿದವು. ಯೂಟ್ಯೂಬ್ ನೋಡಿದರೆ ಇದು ಗೊತ್ತಾಗುವುದಿಲ್ಲ. ಅಲ್ಲಿ ಪಾರ್ಟ್‌ಗಳೆಲ್ಲ ಆಗಲೇ ಟೇಬಲ್ ಮೇಲೆ ಬಂದು ಕೂತಿರುತ್ತವೆ, ಸ್ಕ್ರೂ ತಿರುಗಿಸುವುದಷ್ಟೇ ಬಾಕಿ. ಆ ಟೇಬಲ್‌ವರೆಗಿನ ದಾರಿಯ ಬಗ್ಗೆ ಕನ್ನಡದಲ್ಲಿ ನನಗೆ ಹೆಚ್ಚೇನೂ ಸಿಗಲಿಲ್ಲ. ಎಲ್ಲ ಇನ್ನೂ ನೆನಪಿರುವಾಗಲೇ ಬರೆದಿಡೋಣ ಅಂತ ಕೂತಿದ್ದೇನೆ.

ನಾನು ಇಂಜಿನಿಯರ್ ಅಲ್ಲ. ತುಮಕೂರಿನಲ್ಲಿ ಅಕೌಂಟ್ಸ್ ಕೆಲಸ. ಹಳೆ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸೆಟ್ಟಿಂಗ್ ಕೆಳಗಿಳಿಸಿ ಗೇಮ್ ಆಡಿ ಆಡಿ ಸಾಕಾಗಿತ್ತು. ಮಾನಿಟರ್ ಬಿಟ್ಟು ಒಂದು ಲಕ್ಷ ಅಂತ ಬಜೆಟ್ ಇಟ್ಟುಕೊಂಡೆ. "ಆ ದುಡ್ಡಿಗೆ ಒಳ್ಳೆ ಸ್ಕೂಟಿನೇ ಬರುತ್ತಲ್ಲೇ" ಅಂದರು ಅಮ್ಮ. ಬರುತ್ತದೆ, ನಿಜ. ಆದರೆ ನನಗೆ ಬೇಕಾಗಿದ್ದದ್ದು ಸ್ಕೂಟಿ ಅಲ್ಲ.

ಬಹಳ ಜನ ಗ್ರಾಫಿಕ್ಸ್ ಕಾರ್ಡ್‌ನಿಂದ ಶುರು ಮಾಡುತ್ತಾರೆ. ನಾನು ಮಾನಿಟರ್‌ನಿಂದ ಶುರು ಮಾಡಿದೆ, ನೀವೂ ಹಾಗೇ ಮಾಡಿ. 1080ಪಿ ಪರದೆಯಲ್ಲಿ ಸುಮಾರು 20 ಲಕ್ಷ ಚುಕ್ಕಿಗಳಿರುತ್ತವೆ. 1440ಪಿ ಆದರೆ ಸುಮಾರು 37 ಲಕ್ಷ, 4ಕೆ ಆದರೆ 83 ಲಕ್ಷ ಹತ್ತಿರ. ಸೆಕೆಂಡಿಗೆ ಅರವತ್ತು, ನೂರು ಸಲ ಅಷ್ಟೂ ಚುಕ್ಕಿಗೆ ಬಣ್ಣ ತುಂಬಬೇಕಾದದ್ದು ಗ್ರಾಫಿಕ್ಸ್ ಕಾರ್ಡ್. ಪರದೆ ಯಾವುದು ಅಂತ ಗೊತ್ತಿಲ್ಲದೆ ಕಾರ್ಡ್ ನೋಡಿದರೆ ಮನಸ್ಸು ಮೇಲಮೇಲಕ್ಕೆ ಹೋಗುತ್ತಲೇ ಇರುತ್ತದೆ. ನಾನು 24 ಇಂಚು, 1080ಪಿ, 180 ಹರ್ಟ್ಸ್ (ಸೆಕೆಂಡಿಗೆ 180 ಸಲ ಚಿತ್ರ ಬದಲಾಗುವುದು) ಅಂತ ಗಟ್ಟಿ ಮಾಡಿಕೊಂಡೆ. ಅಲ್ಲಿಗೆ ಅರ್ಧ ಗೊಂದಲ ಮುಗಿಯಿತು.

ಪ್ರೊಸೆಸರ್ ವಿಷಯದಲ್ಲಿ ಮೂರು ದಾರಿ ಕಂಡವು. ಎಎಂಡಿಯ ಹಳೆಯ ಎಎಂ4 ಸಾಕೆಟ್ (ಮದರ್‌ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ) ಅಗ್ಗ, ಹಳೆ ತಲೆಮಾರಿನ ಡಿಡಿಆರ್4 ರ‍್ಯಾಮ್ ಸಾಕು. ಆದರೆ 2016ರಿಂದ ಇರುವ ಸಾಕೆಟ್, ಮುಂದೆ ದೊಡ್ಡ ಅಪ್‌ಗ್ರೇಡ್ ಇಲ್ಲ. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್‌ನಲ್ಲಿ 12, 13, 14ನೇ ತಲೆಮಾರಿನ ಪ್ರೊಸೆಸರ್‌ಗಳು ಕೂರುತ್ತವೆ. ಅಲ್ಲಿ ಒಂದು ತೊಡಕಿದೆ. ಒಂದೇ ಬಿ760 ಚಿಪ್‌ಸೆಟ್‌ನ ಮದರ್‌ಬೋರ್ಡ್‌ಗಳಲ್ಲಿ ಕೆಲವು ಡಿಡಿಆರ್4, ಕೆಲವು ಹೊಸ ಡಿಡಿಆರ್5. ಹೆಸರಿನ ಕೊನೆಯಲ್ಲಿ ಡಿ4 ಅಂತ ಇದೆಯಾ ಇಲ್ಲವಾ ನೋಡದೆ ರ‍್ಯಾಮ್ ತಗೊಂಡರೆ ಸ್ಲಾಟ್‌ಗೇ ಇಳಿಯುವುದಿಲ್ಲ, ಕಚ್ಚಿನ ಜಾಗ ಬೇರೆ. ಮೂರನೆಯದು 2022ರಲ್ಲಿ ಬಂದ ಎಎಂ5. ಅದು ಡಿಡಿಆರ್5 ಮಾತ್ರ ತಗೊಳ್ಳುತ್ತದೆ. 2027ರವರೆಗೆ ಮತ್ತು ಆಮೇಲೂ ಈ ಸಾಕೆಟ್ ಮುಂದುವರಿಸುತ್ತೇವೆ ಅಂತ ಎಎಂಡಿ ಹೇಳಿದೆ. ನಾನು ಅದಕ್ಕೇ ಹೋದೆ.

ಪ್ರೊಸೆಸರ್ ರೈಜೆನ್ 5 7600. ಆರು ಕೋರ್, 65 ವಾಟ್, ಡಬ್ಬದಲ್ಲೇ ಕೂಲರ್ ಬರುತ್ತದೆ. ಇನ್ನೂ ಸ್ವಲ್ಪ ಕಮ್ಮಿಗೆ 7500ಎಫ್ ಇತ್ತು. ಹೆಸರಲ್ಲಿ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ, ಇಂಟೆಲ್‌ಗೂ ಇದೇ ಲೆಕ್ಕ. ಗ್ರಾಫಿಕ್ಸ್ ಕಾರ್ಡ್ ಹಾಕುವವರಿಗೆ ಅದು ಬೇಕಿಲ್ಲ. ಆದರೂ ಮೊದಲ ಸಲ ಕಟ್ಟುವವರು ಒಳಗೆ ಗ್ರಾಫಿಕ್ಸ್ ಇರುವುದನ್ನೇ ತಗೊಳ್ಳಿ ಅನ್ನುತ್ತೇನೆ. ನಾಳೆ ಪರದೆ ಕಪ್ಪಾದರೆ ಕೆಟ್ಟಿರುವುದು ಕಾರ್ಡಾ, ಬೇರೆಯದಾ ಅಂತ ಕಾರ್ಡ್ ಬಿಚ್ಚಿಟ್ಟು ನೋಡಬಹುದು. ಹೊಸ 9600ಎಕ್ಸ್ ಬಿಟ್ಟದ್ದಕ್ಕೂ ಕಾರಣವಿದೆ. ನನ್ನ ಲಿಸ್ಟ್‌ನಲ್ಲಿದ್ದ ಬಿ650 ಬೋರ್ಡ್‌ಗಳು 2022ರವು, 9600ಎಕ್ಸ್ ಸೇರಿದ ರೈಜೆನ್ 9000 ಸರಣಿ ಬಂದದ್ದು 2024ರಲ್ಲಿ. ಅಂಗಡಿಯಲ್ಲಿ ಹಳೆ ಸ್ಟಾಕ್ ಬೋರ್ಡ್ ಸಿಕ್ಕರೆ ಬಯಾಸ್ (ಬೋರ್ಡ್‌ನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡದೆ ಪಿಸಿ ಏಳುವುದಿಲ್ಲ. ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಬಯಾಸ್ ಹಾಕುವ ಬಟನ್ ಕೆಲವು ಬೋರ್ಡ್‌ಗಳಲ್ಲಿ ಇರುತ್ತದೆ, ಎಲ್ಲದರಲ್ಲೂ ಇರುವುದಿಲ್ಲ.

ಬೋರ್ಡ್ ಆರಿಸುವಾಗ ಕಂಪನಿಯ ವೆಬ್‌ಸೈಟ್‌ನಲ್ಲಿ ಎರಡು ಪಟ್ಟಿ ನೋಡಲೇಬೇಕು. ಒಂದು, ಯಾವ ಪ್ರೊಸೆಸರ್‌ಗೆ ಯಾವ ಬಯಾಸ್ ಆವೃತ್ತಿ ಬೇಕು ಅನ್ನುವುದು. ಇನ್ನೊಂದು, ಅವರು ಪರೀಕ್ಷೆ ಮಾಡಿರುವ ರ‍್ಯಾಮ್‌ಗಳದ್ದು. ಪಿಸಿಪಾರ್ಟ್‌ಪಿಕರ್ ತರಹದ ಸೈಟ್‌ನಲ್ಲಿ ಪಾರ್ಟ್‌ಗಳನ್ನು ಸೇರಿಸುತ್ತಾ ಹೋದರೆ ಸಾಕೆಟ್, ಅಳತೆ, ವಾಟ್ ಎಲ್ಲ ತಾಳೆ ನೋಡಿಕೊಡುತ್ತದೆ. ನನ್ನ ಲಿಸ್ಟ್‌ಗೆ ಅಲ್ಲಿ ಒಂದು ತಕರಾರೂ ಬರಲಿಲ್ಲ. ಆ ಲಿಸ್ಟ್ ಅಂಗಡಿಯಲ್ಲಿ ಸಿಗುತ್ತದಾ ಅಂತ ಮಾತ್ರ ಅದು ಹೇಳುವುದಿಲ್ಲ. ನನ್ನ ನಿಜವಾದ ಪಾಡು ಅಲ್ಲಿಂದ ಶುರು.

ಅದಕ್ಕೂ ಮುಂಚೆ ರ‍್ಯಾಮ್. 2025ರ ಸೆಪ್ಟೆಂಬರ್‌ನಲ್ಲಿ ಲಿಸ್ಟ್ ಮಾಡಿದಾಗ 32 ಜಿಬಿ ಡಿಡಿಆರ್5 ಕಿಟ್‌ಗೆ ಹತ್ತು ಸಾವಿರದ ಆಸುಪಾಸು ಇತ್ತು. ಬೋನಸ್ ಬರಲಿ ಅಂತ ಕಾದೆ. ಡಿಸೆಂಬರ್ ಹೊತ್ತಿಗೆ ಅದೇ ಕಿಟ್ ಎರಡು ಪಟ್ಟಿಗೂ ಮೇಲೆ ಹೋಗಿ ಕೂತಿತ್ತು. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿವೆ, ತಯಾರಕರೂ ಲಾಭ ಜಾಸ್ತಿ ಇರುವ ಕಡೆಗೇ ಫ್ಯಾಕ್ಟರಿ ತಿರುಗಿಸಿದ್ದಾರೆ. ಅದೇ ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನ ಕ್ರೂಶಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. ದಿನಾ ರಾತ್ರಿ ಬೆಲೆ ನೋಡುವುದು, ಬೈದುಕೊಳ್ಳುವುದು, ಮಲಗುವುದು. ಇನ್ನೂ ಕಾಯೋಣವಾ ಅಂತ ಒಂದು ಮನಸ್ಸು. ಕಾದರೆ ಎಸ್‌ಎಸ್‌ಡಿ ಬೆಲೆಯೂ ಏರುತ್ತದೆ ಅಂತ ಇನ್ನೊಂದು ಮನಸ್ಸು.

ಕೊನೆಗೆ 32ರ ಆಸೆ ಬಿಟ್ಟು 16 ಜಿಬಿಗೆ ಇಳಿದೆ. 16ರ ಒಂದೇ ಸ್ಟಿಕ್ ತಗೊಂಡು ಮುಂದೆ ಇನ್ನೊಂದು ಹಾಕಬಹುದಿತ್ತು. ಆದರೆ ಒಂದೇ ಸ್ಟಿಕ್ ಅಂದರೆ ಒಂದೇ ಚಾನೆಲ್, ಗೇಮ್‌ನಲ್ಲಿ ವೇಗ ತಗ್ಗುತ್ತದೆ. 8ರ ಎರಡು ಸ್ಟಿಕ್‌ನ ಕಿಟ್ ತಗೊಂಡೆ. ಮುಂದೆ ಇನ್ನೆರಡು ಸೇರಿಸಿದರಾಯಿತು ಅನ್ನುವ ಲೆಕ್ಕ ಎಎಂ5ನಲ್ಲಿ ಹಾಕಬೇಡಿ. ನಾಲ್ಕು ಡಿಡಿಆರ್5 ಸ್ಟಿಕ್ ಹಾಕಿದರೆ ಸಾಮಾನ್ಯವಾಗಿ ವೇಗ ಇಳಿಸಿಯೇ ಓಡಿಸಬೇಕಾಗುತ್ತದೆ. ಬದಲಾಯಿಸುವುದಾದರೆ ಹಳೆಯದು ಮಾರಿ ಹೊಸ ಜೋಡಿಯನ್ನೇ ತಗೋಬೇಕು.

ಕಾರ್ಡ್ ರೇಡಿಯಾನ್ ಆರ್‌ಎಕ್ಸ್ 9060 ಎಕ್ಸ್‌ಟಿ, 16 ಜಿಬಿಯದು. 8 ಜಿಬಿಯದೂ ಅದೇ ಹೆಸರಿನಲ್ಲೇ ಬರುತ್ತದೆ. ಆನ್‌ಲೈನ್‌ನಲ್ಲಿ ಭಾರಿ ಕಮ್ಮಿ ಬೆಲೆ ಕಂಡರೆ ಮೊದಲು ಆ ಸಂಖ್ಯೆ ನೋಡಿ. ಕಾರ್ಡ್‌ಗೆ 160 ವಾಟ್, ಪ್ರೊಸೆಸರ್ ಹೆಚ್ಚೆಂದರೆ 88 ವಾಟ್, ಉಳಿದದ್ದಕ್ಕೆ ಐವತ್ತು ಅಂತ ಹಿಡಿದರೂ 300 ವಾಟ್. 650 ವಾಟ್‌ನ ಎಸ್‌ಎಂಪಿಎಸ್, ಅಂದರೆ ಪಾರ್ಟ್‌ಗಳಿಗೆಲ್ಲ ಕರೆಂಟ್ ಹಂಚುವ ಡಬ್ಬ, ಧಾರಾಳವಾಯಿತು. ನಾಳೆ ದೊಡ್ಡ ಕಾರ್ಡ್ ಹಾಕಿದರೂ ನಡೆಯುತ್ತದೆ.

ಎಸ್‌ಪಿ ರೋಡ್ ಅಂದರೆ ಬೆಂಗಳೂರಿನ ಕಂಪ್ಯೂಟರ್ ಪಾರ್ಟ್‌ಗಳ ಬೀದಿ. ಅಲ್ಲಿಗೆ ಹೋಗುವವರು ಭಾನುವಾರ ಹೋಗಬೇಡಿ, ಬಹುಪಾಲು ಅಂಗಡಿ ಮುಚ್ಚಿರುತ್ತವೆ. ನಾವು ರೈಲಿನಲ್ಲಿ ಮೆಜೆಸ್ಟಿಕ್‌ಗೆ ಬಂದು, ಅಲ್ಲಿಂದ ಹಸಿರು ಮೆಟ್ರೋದಲ್ಲಿ ಒಂದೇ ಸ್ಟಾಪ್, ಚಿಕ್ಕಪೇಟೆ. ಉಳಿದದ್ದು ನಡಿಗೆ. ಸಾದರ ಪತ್ರಪ್ಪ ರಸ್ತೆ ಅಂತ ಬೋರ್ಡ್‌ನಲ್ಲಿ ಇರುತ್ತದೆ, ಆ ಹೆಸರಿನಲ್ಲಿ ಕೇಳಿದರೆ ಆಟೋದವರೂ ಒಂದು ನಿಮಿಷ ಯೋಚಿಸುತ್ತಾರೆ. ನಾವು ಅಂದರೆ ನಾನು, ನನ್ನ ಚಿಕ್ಕಪ್ಪನ ಮಗ. ಅವನು ಚೀಲ ಹೊರಲು ಬಂದವನು. ಆದರೆ ಮೊದಲ ಅಂಗಡಿಯಲ್ಲಿ ನಾನು ಕೇಳಿದ ಪ್ರಶ್ನೆಗೆಲ್ಲ ಉತ್ತರ ಹೋದದ್ದು ಅವನಿಗೇ.

"ಸರ್, ಯಾವ ಗೇಮ್ ಆಡ್ತೀರಾ?"

"ನಾನಲ್ಲ ಅಣ್ಣ, ಅಕ್ಕ ಆಡೋದು" ಅಂದ ಅವನು.

ಅಂಗಡಿಯವರು ಆಮೇಲೆ ನನ್ನ ಕಡೆ ತಿರುಗಿ ಲಿಸ್ಟ್ ಇಸಕೊಂಡರು. ಪೆನ್ನಿನಿಂದ ಒಂದೊಂದೇ ಸಾಲು ಟಿಕ್ ಹಾಕುತ್ತಾ ಬಂದು ಬೋರ್ಡ್ ಹತ್ತಿರ ನಿಂತರು. "ಇದು ಸ್ಟಾಕ್ ಇಲ್ಲ ಮೇಡಂ. ಇದು ತಗೊಳ್ಳಿ, ಸೇಮ್. ಎರಡು ಸಾವಿರ ಕಮ್ಮಿನೂ ಆಗುತ್ತೆ."

ಕೊಟ್ಟದ್ದು ಎ620 ಬೋರ್ಡ್. ಸೇಮ್ ಅಂದದ್ದು ಪೂರ್ತಿ ಸುಳ್ಳೇನಲ್ಲ. ಸಾಕೆಟ್ ಅದೇ, ರ‍್ಯಾಮ್ ಅದೇ, ಪ್ರೊಸೆಸರ್ ಅದರಲ್ಲೂ ಓಡುತ್ತದೆ. ಆದರೆ ಆ ಬೋರ್ಡ್‌ನಲ್ಲಿ ವೈಫೈ ಇರಲಿಲ್ಲ. ನಮ್ಮ ಮನೆಯ ರೂಟರ್ ಇರುವುದು ಕೆಳಗಿನ ಹಾಲ್‌ನಲ್ಲಿ, ನನ್ನ ರೂಮ್ ಮಹಡಿ ಮೇಲೆ. ಎಸ್‌ಎಸ್‌ಡಿ ಚುಚ್ಚುವ ಎಂ.2 ಸ್ಲಾಟ್ ಒಂದೇ. ಮುಖ್ಯವಾಗಿ, ಕ್ಯಾಬಿನೆಟ್‌ನ ಮುಂದೆ ಇರುವ ಟೈಪ್-ಸಿ ಪೋರ್ಟ್‌ನ ಕೇಬಲ್ ಚುಚ್ಚಲು ಬೋರ್ಡ್ ಮೇಲೆ ಜಾಗವೇ ಇಲ್ಲ. ಅದಕ್ಕೆ ಬೇರೆಯದೇ ಕನೆಕ್ಟರ್ ಬೇಕು, ಮಾಮೂಲಿ ಯುಎಸ್‌ಬಿ 3ರ 19 ಪಿನ್‌ನದಲ್ಲ. ಅದಿಲ್ಲದಿದ್ದರೆ ಮುಂದಿನ ಪೋರ್ಟ್ ಸುಮ್ನೆ ಅಲಂಕಾರಕ್ಕೆ.

ಈ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಅಂಗಡಿಯಲ್ಲಿ ಲಿಸ್ಟ್‌ನ ಒಂದು ಸಾಲು ಬದಲಾದರೆ ಉಳಿದ ಸಾಲುಗಳನ್ನೆಲ್ಲ ಮತ್ತೆ ನೋಡಬೇಕು. ಬೋರ್ಡ್ ಬದಲಾದರೆ ರ‍್ಯಾಮ್ ಪಟ್ಟಿ, ಪೋರ್ಟ್, ಕ್ಯಾಬಿನೆಟ್ ಅಳತೆ. ಕಾರ್ಡ್ ಬದಲಾದರೆ ಉದ್ದ, ಪವರ್ ಕನೆಕ್ಟರ್. "ಸೇಮ್" ಅಂದ ತಕ್ಷಣ ಮಾಡೆಲ್ ಹೆಸರು ಕೇಳಿ, ಹೊರಗೆ ಬಂದು, ಮೊಬೈಲ್‌ನಲ್ಲಿ ಮ್ಯಾನ್ಯುಯಲ್ ಇಳಿಸಿಕೊಂಡು ಓದಿ. ಅಂಗಡಿಯವರು ಬೇಜಾರು ಮಾಡಿಕೊಳ್ಳಲ್ಲ. ಮಾಡಿಕೊಂಡರೂ ಪಕ್ಕದಲ್ಲೇ ಇನ್ನೊಂದು ಅಂಗಡಿ ಇರುತ್ತದೆ, ಎಸ್‌ಪಿ ರೋಡಿನ ಸುಖ ಅದೇ ಅಲ್ವಾ.

ನಾಲ್ಕಾರು ಅಂಗಡಿ ಹತ್ತಿ ಇಳಿದ ಮೇಲೆ ಬೇರೆ ಕಂಪನಿಯ ಬಿ650ಎಂ ವೈಫೈ ಬೋರ್ಡ್ ಸಿಕ್ಕಿತು. ಒಂದು ಬದಿಗೆ ನಿಂತು, ಗಾಡಿಗಳ ಹಾರ್ನ್ ನಡುವೆ, ಅದರ ಪಿಡಿಎಫ್ ಓದಿದೆ. ಟೈಪ್-ಸಿ ಜಾಗ ಇತ್ತು. ನನ್ನ ರ‍್ಯಾಮ್ ಕಿಟ್ ಅದರ ಪಟ್ಟಿಯಲ್ಲಿ ಇರಲಿಲ್ಲ, ಇನ್ನೊಂದು ಬ್ರ್ಯಾಂಡ್‌ನ ಅದೇ ವೇಗದ ಕಿಟ್ ಇತ್ತು. ಹಾಗಾಗಿ ರ‍್ಯಾಮ್ ಸಾಲೂ ಬದಲಾಯಿತು. ಪಟ್ಟಿಯಲ್ಲಿ ಇಲ್ಲದ್ದು ಓಡುವುದೇ ಇಲ್ಲ ಅಂತೇನಿಲ್ಲ. ಆದರೆ ಆ ಬೆಲೆಗೆ ಪಂದ್ಯ ಕಟ್ಟುವಷ್ಟು ಧೈರ್ಯ ನನಗಿರಲಿಲ್ಲ.

ಕಾರ್ಡ್‌ನದೂ ಇದೇ ಕಥೆ. ನಾನು ಬರೆದಿದ್ದ ಎರಡು ಫ್ಯಾನ್‌ನದು ಎಲ್ಲೂ ಇಲ್ಲ. ಮೂರು ಫ್ಯಾನ್‌ನದು ಇತ್ತು, ಉದ್ದ 295 ಮಿಲಿಮೀಟರ್. ಕ್ಯಾಬಿನೆಟ್‌ನಲ್ಲಿ 330ರವರೆಗೆ ಹಿಡಿಯುತ್ತದೆ ಅಂತ ಬರೆದಿದ್ದರು. ಆ ಅಳತೆ ಮುಂದಿನ ಫ್ಯಾನ್ ಬಿಟ್ಟು ಹೇಳಿದ್ದಾ ಸೇರಿಸಿ ಹೇಳಿದ್ದಾ ಅಂತ ಕಂಪನಿಗಳು ಎಲ್ಲ ಸಲ ಹೇಳುವುದಿಲ್ಲ. ಮಾಮೂಲಿ ಫ್ಯಾನ್ ದಪ್ಪ 25 ಮಿಮೀ. ಕಳೆದರೆ 305. ಹತ್ತು ಮಿಮೀ ಉಳಿಯಿತು. ತಗೊಂಡೆ.

ಇನ್ನೊಂದು ಅಂಗಡಿಯಲ್ಲಿ ಕ್ಯಾಬಿನೆಟ್ ಜತೆ ಎಸ್‌ಎಂಪಿಎಸ್ ಫ್ರೀ ಅಂದರು. ಹೊರಮೈಯಲ್ಲಿ ದೊಡ್ಡದಾಗಿ 500 ವಾಟ್ ಅಂತ ಸ್ಟಿಕ್ಕರ್. ಸ್ಟಿಕ್ಕರ್ ಪಕ್ಕ ಅಚ್ಚು ಹಾಕಿದ ಕೋಷ್ಟಕದಲ್ಲಿ 12 ವೋಲ್ಟ್ ಸಾಲಿನಲ್ಲಿ ಎಷ್ಟು ಆಂಪ್ ಇದೆ ನೋಡಿ ಗುಣಿಸಿದರೆ ಅದರ ಅರ್ಧದ ಹತ್ತಿರವೂ ಬರಲಿಲ್ಲ. ಕಾರ್ಡ್ ಮತ್ತು ಪ್ರೊಸೆಸರ್ ಎರಡೂ ಕರೆಂಟ್ ಎಳೆಯುವುದು ಆ 12 ವೋಲ್ಟ್‌ನಿಂದಲೇ. ಆಂಪ್ ಇಂಟು 12, ಅದೇ ನಿಜವಾದ ತಾಕತ್ತು. ಬೇರೆ ಎಲ್ಲಿ ಉಳಿಸಿದರೂ ಇಲ್ಲಿ ಉಳಿಸಬೇಡಿ.

ಬಿಲ್ ಬೇಡ ಅಂದರೆ ಕಮ್ಮಿ ಮಾಡುತ್ತೇವೆ ಅಂದವರೂ ಇದ್ದರು. ಬೇಡವೇ ಬೇಡ. ಜಿಎಸ್‌ಟಿ 18 ಪರ್ಸೆಂಟ್ ಸೇರಿದ ಬಿಲ್, ಅದರಲ್ಲಿ ನಿಮ್ಮ ಹೆಸರು, ಪ್ರತಿ ಪಾರ್ಟ್‌ನ ಸೀರಿಯಲ್ ನಂಬರ್, ಇಷ್ಟು ಇರಲೇಬೇಕು. ಅಕೌಂಟ್ಸ್‌ನವಳು ಅಂತ ಹೇಳುತ್ತಿಲ್ಲ, ವಾರಂಟಿಗೆ ಮೊದಲು ಕೇಳುವುದೇ ಅದನ್ನ. ಡಬ್ಬ ಇಲ್ಲದ ಪ್ರೊಸೆಸರ್, ಅಂದರೆ ಟ್ರೇ ಪೀಸ್, ಸಾವಿರ ಎರಡು ಸಾವಿರ ಕಮ್ಮಿಗೆ ಸಿಗುತ್ತದೆ. ಅದಕ್ಕೆ ಅಂಗಡಿಯವರ ಮಾತೇ ವಾರಂಟಿ. ಡಬ್ಬದ್ದಕ್ಕೆ ಕಂಪನಿಯದೇ ಮೂರು ವರ್ಷ. ಡಬ್ಬದ ಮೇಲೆ ಎಂಆರ್‌ಪಿ, ಆಮದು ಮಾಡಿಕೊಂಡವರ ಹೆಸರಿರುವ ಸ್ಟಿಕ್ಕರ್ ಇದೆಯಾ ನೋಡಿ, ಫೋಟೋ ತೆಗೆದಿಟ್ಟುಕೊಳ್ಳಿ.

ಕ್ಯಾಬಿನೆಟ್ ಮತ್ತು ಮಾನಿಟರ್ ರೈಲಿನಲ್ಲಿ ತರುವುದು ಕಷ್ಟ ಅಂತ ಆನ್‌ಲೈನ್‌ನಲ್ಲಿ ತರಿಸಿದೆ. ಕ್ಯಾಬಿನೆಟ್ ಬಂತು, ಡಬ್ಬ ಎತ್ತಿದರೆ ಒಳಗೆ ಜಲ್ ಅಂತ ಸದ್ದು. ಪಕ್ಕದ ಗಾಜು ಪುಡಿಪುಡಿ. ಟೇಪ್ ಕತ್ತರಿಸುವುದರಿಂದ ಹಿಡಿದು ವಿಡಿಯೋ ಮಾಡಿದ್ದರಿಂದ ವಾದ ಮಾಡಬೇಕಾಗಲಿಲ್ಲ. ಆದರೆ ಬದಲಿ ಬರಲು ಕಾಯಬೇಕಾಯಿತು. "ಇವತ್ತು ಪಿಕಪ್" ಅಂತ ಮೆಸೇಜ್ ಬರುವುದು, ಯಾರೂ ಬರದಿರುವುದು, ಮತ್ತೆ ಫೋನ್. ಅಷ್ಟು ದಿನ ಎಂಬತ್ತು ತೊಂಬತ್ತು ಸಾವಿರದ ಡಬ್ಬಗಳು ಬೀರುವಿನಲ್ಲಿ ಅಮ್ಮನ ರೇಷ್ಮೆ ಸೀರೆಗಳ ಪಕ್ಕ ಕೂತಿದ್ದವು. ಆ ಕಾಯುವಿಕೆಯಲ್ಲಿ ನನ್ನ ಚಿಂತೆ ಗಾಜಿನದಲ್ಲ. ಬೋರ್ಡೋ ಕಾರ್ಡೋ ಕೆಟ್ಟಿದ್ದರೆ ಅಂಗಡಿಯಲ್ಲಿ ಬದಲಿ ಕೊಡುವ ಮೊದಲ ವಾರ ಸುಮ್ನೆ ಕಳೆಯುತ್ತಿತ್ತು. ಆದ್ದರಿಂದ ಕ್ಯಾಬಿನೆಟ್ ಮೊದಲು ತರಿಸಿಕೊಳ್ಳಿ, ಉಳಿದದ್ದು ಆಮೇಲೆ.

ನಾನು ಕ್ಯಾಬಿನೆಟ್‌ಗೆ ಕಾಯುವುದನ್ನು ಬಿಟ್ಟು ಬೋರ್ಡ್‌ನ ಡಬ್ಬದ ಮೇಲೆಯೇ ಜೋಡಿಸಿ ನೋಡಿದೆ. ಎಲ್ಲರೂ ಹೀಗೆ ಒಮ್ಮೆ ಹೊರಗೇ ಪರೀಕ್ಷೆ ಮಾಡುವುದು ಒಳ್ಳೆಯದು. ಎಎಂ5ನಲ್ಲಿ ಪಿನ್‌ಗಳಿರುವುದು ಪ್ರೊಸೆಸರ್‌ನಲ್ಲಲ್ಲ, ಬೋರ್ಡ್‌ನ ಸಾಕೆಟ್‌ನಲ್ಲಿ. 1718 ಪಿನ್, ಕೂದಲೆಳೆಯಷ್ಟು ಸಣ್ಣವು. ಒಂದು ಬಾಗಿದರೂ ವಾರಂಟಿ ಕಷ್ಟ. ಪ್ರೊಸೆಸರ್‌ನ ಮೂಲೆಯ ಚಿನ್ನದ ಬಣ್ಣದ ತ್ರಿಕೋನ ಸಾಕೆಟ್‌ನ ಗುರುತಿಗೆ ಬರುವಂತೆ ಇಟ್ಟು, ಬೆರಳಿಂದ ಒತ್ತದೆ ಬಿಟ್ಟೆ, ತಾನಾಗಿ ಕೂತಿತು. ಲಿವರ್ ಇಳಿಸುವಾಗ ಮಾತ್ರ ನಾವು ಅಂದುಕೊಂಡಿದ್ದಕ್ಕಿಂತ ಬಲ ಬೇಕು. ಅರ್ಧದಲ್ಲಿ ಮೇಲಿನ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಟಪ್ ಅಂತ ಹಾರಿ ಬೀಳುತ್ತದೆ. ಎದೆ ಧಸಕ್ ಅನ್ನುತ್ತದೆ, ಅದು ಹಾಗೇ ಆಗಬೇಕು. ಆ ಮುಚ್ಚಳ ಬಿಸಾಡಬೇಡಿ. ಬೋರ್ಡ್ ವಾರಂಟಿಗೆ ಕಳಿಸುವಾಗ ಸಾಕೆಟ್ ಮೇಲೆ ಅದಿರಬೇಕು.

ಡಬ್ಬದ ಕೂಲರ್ ಹಾಕುವ ಮುಂಚೆ ಬೋರ್ಡ್‌ನಲ್ಲಿರುವ ಎರಡು ಪ್ಲಾಸ್ಟಿಕ್ ಬ್ರ್ಯಾಕೆಟ್ ಬಿಚ್ಚಬೇಕು. ನಾಲ್ಕು ಸ್ಕ್ರೂ. ಕೂಲರ್‌ನ ಅಡಿಯಲ್ಲಿ ಥರ್ಮಲ್ ಪೇಸ್ಟ್ ಮೊದಲೇ ಬಳಿದಿರುತ್ತದೆ, ಬೆರಳು ತಾಗಿಸಬೇಡಿ. ಸ್ಪ್ರಿಂಗ್ ಸ್ಕ್ರೂಗಳನ್ನು ಎದುರುಬದುರು ಮೂಲೆಯಂತೆ ಸ್ವಲ್ಪ ಸ್ವಲ್ಪ ಬಿಗಿ ಮಾಡುತ್ತಾ ಬನ್ನಿ. ನಾಲ್ಕು ಸ್ಲಾಟ್ ಇರುವ ಬೋರ್ಡ್‌ನಲ್ಲಿ ರ‍್ಯಾಮ್ ಹಾಕಬೇಕಾದದ್ದು ಪ್ರೊಸೆಸರ್‌ನಿಂದ ಎಣಿಸಿ ಎರಡನೆಯದು, ನಾಲ್ಕನೆಯದು.

ಎಸ್‌ಎಂಪಿಎಸ್‌ನಲ್ಲಿ ಎಂಟು ಪಿನ್‌ನ ಎರಡು ತರಹದ ಕೇಬಲ್ ಇರುತ್ತವೆ, ನೋಡಲು ಒಂದೇ ತರ. ನಾಲ್ಕು ನಾಲ್ಕಾಗಿ ಸೀಳುವುದು ಪ್ರೊಸೆಸರ್‌ಗೆ. ಆರು ಎರಡಾಗಿ ಸೀಳುವುದು ಕಾರ್ಡ್‌ಗೆ. ಕೇಬಲ್ ಬಿಚ್ಚಿ ಹಾಕುವ ಮಾಡ್ಯುಲರ್ ಎಸ್‌ಎಂಪಿಎಸ್ ಆದರೆ ಬೇರೆ ಎಸ್‌ಎಂಪಿಎಸ್‌ನ ಕೇಬಲ್ ಅದಕ್ಕೆ ಬಳಸಲೇಬೇಡಿ. ತೂತು ಸರಿಹೊಂದಿದರೂ ಒಳಗಿನ ವೈರ್ ಜೋಡಣೆ ಬೇರೆ ಇರಬಹುದು, ಪಾರ್ಟ್ ಸುಟ್ಟು ಹೋಗುತ್ತದೆ.

ಕರೆಂಟ್ ಕೊಟ್ಟೆ. ಫ್ಯಾನ್ ತಿರುಗಿತು. ಪರದೆಯಲ್ಲಿ ಏನೂ ಇಲ್ಲ. ಬೋರ್ಡ್‌ನ ಮೂಲೆಯಲ್ಲಿ ಡಿರ‍್ಯಾಮ್ ಅಂತ ಬರೆದ ಪುಟ್ಟ ದೀಪ ಹತ್ತಿಕೊಂಡು ಹಾಗೇ ನಿಂತಿತು. ಇದರ ಬಗ್ಗೆ ಓದಿಕೊಂಡಿದ್ದೆ, ಆದರೂ ಕೈ ಬೆವರಿತು. ಎಎಂ5 ಬೋರ್ಡ್ ಮೊದಲ ಸಲ ರ‍್ಯಾಮ್ ಜತೆ ಪರಿಚಯ ಮಾಡಿಕೊಳ್ಳುವಾಗ ಹಲವು ನಿಮಿಷ ಪರದೆ ಕಪ್ಪಗಿರುತ್ತದೆ. ಆಗ ಗಾಬರಿಯಾಗಿ ಸ್ವಿಚ್ ಆಫ್ ಮಾಡಿದರೆ ಮತ್ತೆ ಮೊದಲಿಂದ ಶುರು. ಎದ್ದು ಕಾಫಿ ಮಾಡಿಕೊಂಡು ಬನ್ನಿ. ನಾನು ಲೋಟ ಹಿಡಿದು ಬಂದಾಗ ಬಯಾಸ್ ಪರದೆ ಬಂದಿತ್ತು. ಅಮ್ಮನನ್ನು ಕೂಗಿ ಕರೆದೆ. "ಇದೇನಾ ಗೇಮು?" ಅಂದರು.

ಬಯಾಸ್‌ನಲ್ಲಿ ರ‍್ಯಾಮ್ ವೇಗ 4800 ಅಂತ ತೋರಿಸುತ್ತಿತ್ತು, ನಾನು ದುಡ್ಡು ಕೊಟ್ಟದ್ದು 6000ಕ್ಕೆ. ಎಕ್ಸ್‌ಪೋ ಅನ್ನುವ ಸೆಟ್ಟಿಂಗ್ ಆನ್ ಮಾಡಿದ ಮೇಲೆ ಸರಿಯಾಯಿತು. ಇದನ್ನು ಮಾಡದೆ ವರ್ಷಗಟ್ಟಲೆ ಓಡಿಸುವವರು ಇದ್ದಾರೆ.

ವಿಂಡೋಸ್ 11 ಹಾಕುವಾಗ ಇಂಟರ್ನೆಟ್ ಕೇಳಿತು. ವೈಫೈ ಡ್ರೈವರ್ ಇನ್ನೂ ಇಲ್ಲ, ವೈಫೈ ಇಲ್ಲದೆ ಮುಂದಕ್ಕೆ ಬಿಡುತ್ತಿಲ್ಲ. ಮೊಬೈಲ್‌ಗೆ ಕೇಬಲ್ ಚುಚ್ಚಿ ಯುಎಸ್‌ಬಿ ಟೆದರಿಂಗ್ ಹಾಕಿದೆ, ಹೋಯಿತು. ವ್ಯಾಲೊರಂಟ್ ಆಡುವವರು ಬಯಾಸ್‌ನಲ್ಲಿ ಟಿಪಿಎಂ, ಸೆಕ್ಯೂರ್ ಬೂಟ್ ಅನ್ನುವ ಸುರಕ್ಷತೆಯ ಸೆಟ್ಟಿಂಗ್ ಎರಡೂ ಆನ್ ಇವೆಯಾ ನೋಡಿಕೊಳ್ಳಿ. ಮಾನಿಟರ್ ಕೇಬಲ್ ಚುಚ್ಚಬೇಕಾದದ್ದು ಕಾರ್ಡ್‌ಗೆ, ಬೋರ್ಡ್‌ಗಲ್ಲ. 180 ಹರ್ಟ್ಸ್ ಮಾನಿಟರ್ ಕೂಡ ಶುರುವಿಗೆ 60ರಲ್ಲೇ ಓಡುತ್ತಿರಬಹುದು, ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಬದಲಿಸಿ.

ಎಲ್ಲ ಮುಗಿಯಿತು ಅಂದುಕೊಂಡಾಗ ಯಾರೂ ಹೇಳದ ಒಂದು ತೊಡಕು. ಎಸ್‌ಎಂಪಿಎಸ್ ಜತೆ ಬಂದ ಪವರ್ ಕೇಬಲ್‌ಗೆ 16 ಆಂಪ್‌ನ ದಪ್ಪ ಪ್ಲಗ್, ಗೀಸರ್‌ಗೆ ಇರುತ್ತದಲ್ಲ ಅದು. ನನ್ನ ರೂಮ್‌ನಲ್ಲಿ, ಯುಪಿಎಸ್‌ನಲ್ಲಿ, ಎಲ್ಲೂ ಅದು ಹಿಡಿಯುವುದಿಲ್ಲ. 650 ವಾಟ್ ಅಂದರೆ 230 ವೋಲ್ಟ್‌ನಲ್ಲಿ ಮೂರು ಆಂಪ್‌ನ ಆಸುಪಾಸು, ಹಾಗಾಗಿ 6 ಆಂಪ್‌ನ ಒಳ್ಳೆ ಮೂರು ಪಿನ್ ಕೇಬಲ್ ಸಾಕು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕಂಪ್ಯೂಟರ್ ಪವರ್ ಕೇಬಲ್ ಅಂತ ಕೇಳಿ. ಎರಡು ಪಿನ್ ಕನ್ವರ್ಟರ್ ಹಾಕಿ ಅರ್ತಿಂಗ್ ತಪ್ಪಿಸಬೇಡಿ, ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ. ಯುಪಿಎಸ್ ತಗೊಳ್ಳುವಾಗ ವಿಎ ನೋಡಿ ಮೋಸ ಹೋಗಬೇಡಿ. 600 ವಿಎ ಯುಪಿಎಸ್‌ಗಳು ಸಾಮಾನ್ಯವಾಗಿ 360 ವಾಟ್‌ನವು. ಗೇಮ್ ಓಡುವಾಗ ನನ್ನ ಪಿಸಿ, ಮಾನಿಟರ್ ಸೇರಿ ಅದರ ಅಂಚಿಗೆ ಬರುತ್ತವೆ. ನಾನು 1100 ವಿಎ ತಗೊಂಡೆ.

ಖರ್ಚು ಹೀಗಾಯಿತು, ಎಲ್ಲ ಸುಮಾರು: ಕಾರ್ಡ್ 36 ಸಾವಿರ, ಪ್ರೊಸೆಸರ್ 17, ಬೋರ್ಡ್ 13 ಸಾವಿರ, ರ‍್ಯಾಮ್ 14, ಒಂದು ಟಿಬಿ ಎಸ್‌ಎಸ್‌ಡಿ 8, ಎಸ್‌ಎಂಪಿಎಸ್ ಐದೂವರೆ, ಕ್ಯಾಬಿನೆಟ್ ನಾಲ್ಕೂವರೆ. ಬಜೆಟ್‌ಗಿಂತ ಎರಡು ಸಾವಿರ ಒಳಗೇ. ಮಾನಿಟರ್ ಹತ್ತೂವರೆ, ಯುಪಿಎಸ್ ಆರು ಬೇರೆ. ಯುಪಿಎಸ್ ಲೆಕ್ಕ ಅಮ್ಮನಿಗೆ ಇನ್ನೂ ಹೇಳಿಲ್ಲ. ರ‍್ಯಾಮ್ ಬೆಲೆ ಇಳಿದ ದಿನ ಈ 8ರ ಜೋಡಿ ಮಾರಿ 16ರ ಜೋಡಿ ಹಾಕುತ್ತೇನೆ. ಅಲ್ಲಿವರೆಗೆ ಗೇಮ್ ಶುರು ಮಾಡುವ ಮುಂಚೆ ಕ್ರೋಮ್‌ನ ಟ್ಯಾಬ್‌ಗಳನ್ನೆಲ್ಲ ಮುಚ್ಚಿಕೊಂಡು ಆಡುತ್ತಿದ್ದೇನೆ.